ಕೂದಲು ಹೋಗುತ್ತಿರುವಾಗ ನಾಲ್ಕು ಜನರ ನಡುವೆ ಇರುವುದು ಹೇಗೆ?

ಹೆಲ್ಮೆಟ್ ತೆಗೆದ ಕೂಡಲೇ ಕೈ ತಲೆಗೆ ಹೋಗುತ್ತದೆ. ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲೇ ಬೇಕು, ಫ್ಯಾನ್ ಕೆಳಗಿನ ಕುರ್ಚಿ ಬೇಡ. ಕೂದಲು ತನ್ನ ಪಾಡಿಗೆ ಉದುರುತ್ತದೆ. ಮನುಷ್ಯನನ್ನು ದಣಿಸುವುದು ಈ ಕಾವಲು. ಮೊದಲು ಇಳಿಸಬೇಕಾದ್ದು ಇದನ್ನೇ.

ಬಚ್ಚಲಲ್ಲಿ ಕೂದಲು ಎಣಿಸುವುದನ್ನು ಬಿಡಿ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ. ತಿಂಗಳಿಗೊಮ್ಮೆ, ಅದೇ ಜಾಗ, ಅದೇ ಬೆಳಕಿನಲ್ಲಿ, ಒಣಗಿದ ತಲೆಯ ಒಂದು ಫೋಟೊ ಸಾಕು. ತಲೆ ಒದ್ದೆಯಿದ್ದಾಗ, ನೆತ್ತಿಯ ಮೇಲೆ ಟ್ಯೂಬ್‌ಲೈಟ್ ಇದ್ದಾಗ ಯಾರ ಬುರುಡೆಯಾದರೂ ಕಾಣುತ್ತದೆ.

ಔಷಧಿ ಹಚ್ಚುವುದಾದರೆ ಗಡುವು ಇಟ್ಟುಕೊಂಡು ಹಚ್ಚಿ. ನೆತ್ತಿಗೆ ಹಚ್ಚುವ 5% ಮಿನಾಕ್ಸಿಡಿಲ್ ಔಷಧಿ ಫಲ ತೋರಿಸಲು ನಾಲ್ಕರಿಂದ ಆರು ತಿಂಗಳು ಬೇಕು. ಮೊದಲ ಕೆಲವು ವಾರ ಉದುರುವುದು ಜಾಸ್ತಿಯಾಗಬಹುದು, ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುತ್ತದೆ. ಬಹಳ ಜನ ಹೆದರಿ ಬಿಡುವುದು ಇಲ್ಲೇ. ಗುಣ ಕಂಡ ಮೇಲೆ ನಿಲ್ಲಿಸಿದರೂ ಬಂದದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ. ಕೂದಲು ಉದುರುವುದನ್ನು ತಡೆಯಲು ನುಂಗುವ ಫಿನಾಸ್ಟರೈಡ್ ಮಾತ್ರೆ ವೈದ್ಯರ ಚೀಟಿಯಿಲ್ಲದೆ ಬೇಡ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ಮನಸ್ಸು ಮಂಕಾಗುತ್ತದೆ. ನಾಣ್ಯದಗಲ ಒಮ್ಮೆಲೇ ಉದುರಿದರೆ, ನೆತ್ತಿ ಉರಿದರೆ ಅದು ಬೇರೆ ಕಾಯಿಲೆ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ.

ಕತ್ತರಿಸುವ ವಿಷಯ. ಪಕ್ಕದ ಕೂದಲು ಉದ್ದ ಬಿಟ್ಟಷ್ಟೂ ನೆತ್ತಿ ಖಾಲಿ ಕಾಣುತ್ತದೆ. ಮಷೀನ್‌ನಲ್ಲಿ ಮೇಲೆ ನಂಬರ್ 2, ಅಂದರೆ 6 ಮಿಲಿಮೀಟರ್, ಪಕ್ಕಕ್ಕೆ ನಂಬರ್ 1, ಅಂದರೆ 3 ಮಿಲಿಮೀಟರ್ ಹೇಳಿ. ಎರಡು ವಾರ ಹೀಗೇ ಓಡಾಡಿ, ಹಿಡಿಸಿದರೆ ಮುಂದೆ ಬ್ಲೇಡ್.

ಪೂರ್ತಿ ಬೋಳಿಸುವ ಮೊದಲು ಮನೆಯಲ್ಲಿ ಹೇಳಿಬಿಡಿ. ಹೇಳದೆ ಬೋಳಿಸಿಕೊಂಡು ಬಂದರೆ ಅಮ್ಮ "ಅಪ್ಪ-ಅಮ್ಮ ಇರೋವಾಗ್ಲೇ ಇದೇನೋ?" ಎಂದು ಕಣ್ಣೀರು ಹಾಕುತ್ತಾರೆ, ಬೀದಿಯವರು "ಯಾರು ಹೋದ್ರು?" ಅನ್ನುತ್ತಾರೆ. ಕರ್ಮಕ್ಕೆ ಸಾಮಾನ್ಯವಾಗಿ ಮೀಸೆಯೂ ಹೋಗುತ್ತದೆ. ಆದ್ದರಿಂದ ಮೀಸೆಯನ್ನೋ ಟ್ರಿಮ್ ಮಾಡಿದ ಗಡ್ಡವನ್ನೋ ಉಳಿಸಿಕೊಂಡರೆ ಅರ್ಧ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ತಿರುಪತಿಗೆ ಹೋಗಿದ್ದೆ ಎಂಬ ಸುಳ್ಳು ಬೇಡ. ಮೂರು ತಿಂಗಳಾದರೂ ಕೂದಲು ಬರದಿದ್ದಾಗ ಮತ್ತೊಂದು ಸುಳ್ಳು ಬೇಕಾಗುತ್ತದೆ. ಮದುವೆ-ಮುಂಜಿಗೆ ಹಿಂದಿನ ದಿನವೂ ಬೋಳಿಸಬೇಡಿ. ನೆತ್ತಿಯ ಬಣ್ಣ ಮುಖಕ್ಕೆ ಹೊಂದಲು ಎರಡು-ಮೂರು ವಾರ ಹಿಡಿಯುತ್ತದೆ. ಬಿಸಿಲಿಗೆ ಹೋಗುವಾಗ ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಅಥವಾ ಟೋಪಿ.

ಇನ್ನು ಜನ. ಛತ್ರದಲ್ಲಿ ಅತ್ತೆ "ಏನೋ, ಕೂದಲೆಲ್ಲಾ ಹೋಯ್ತಲ್ಲೋ!" ಅಂದರೆ, "ಹೂಂ ಅತ್ತೆ, ಹೋಯ್ತು. ನಿಮ್ಮ ಮಂಡಿ ನೋವು ಹೇಗಿದೆ?" ಅಷ್ಟೇ. ನೀರು, ಟೆನ್ಷನ್, ನೈಟ್ ಶಿಫ್ಟ್ ಎಂದು ಕಾರಣ ಕೊಟ್ಟಿರೋ, ಈರುಳ್ಳಿ ರಸದಿಂದ ಶುರುವಾಗಿ ಭೃಂಗರಾಜ ಎಣ್ಣೆಯವರೆಗೆ ಕೇಳಿಸಿಕೊಳ್ಳಬೇಕು. "ಬಾಂಡ್ಲಿ" ಎಂದು ದಿನಾ ಕರೆಯುವ ಗೆಳೆಯನಿಗೆ ಎಲ್ಲರ ಮುಂದೆ ರೇಗಬೇಡಿ, ಆಟ ಇನ್ನೂ ಜೋರಾಗುತ್ತದೆ. ಒಬ್ಬನೇ ಸಿಕ್ಕಾಗ "ಲೋ, ಅದು ಸಾಕು ಮಾಡು, ಬೇಜಾರಾಗುತ್ತೆ" ಅನ್ನಿ. ನಿಮ್ಮ ಮೇಲೆ ನೀವೇ ಜೋಕ್ ಮಾಡಿಕೊಳ್ಳುವುದು ಒಂದೆರಡು ಸಲಕ್ಕೆ ಸರಿ. ದಿನವೂ ಮಾಡಿದರೆ ಊರಿಗೆಲ್ಲ ಪರವಾನಗಿ ಕೊಟ್ಟಂತೆ.

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಕೆಟ್ಟು, ಕೆಲಸಕ್ಕೆ, ಸಮಾರಂಭಕ್ಕೆ ಹೋಗುವುದೇ ತಪ್ಪಿಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೆಣ್ಣು ನೋಡುವ ಹೊತ್ತಿಗೆ ಐದು ವರ್ಷ ಹಳೆಯ ಫೋಟೊ ಕಳಿಸುವವರಿದ್ದಾರೆ. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಹುಡುಗಿಯ ಚಿಕ್ಕಪ್ಪನ ಕಣ್ಣು ಫೋಟೊದಿಂದ ತಲೆಗೆ, ತಲೆಯಿಂದ ಫೋಟೊಗೆ ಓಡಾಡುತ್ತದೆ. ಆಗ ಅವರಿಗೆ ಅನುಮಾನ ಬರುವುದು ಕೂದಲಿನ ಮೇಲಲ್ಲ, ನಿಮ್ಮ ಸಂಬಳದ ಮೇಲೆ. ಕಳೆದ ತಿಂಗಳ, ಟೋಪಿಯಿಲ್ಲದ ಫೋಟೊವನ್ನೇ ಕಳಿಸಿ. ಬೇಡ ಅನ್ನುವವರು ಫೋನಿನಲ್ಲೇ ಬೇಡ ಅನ್ನಲಿ, ಬಸ್ ಚಾರ್ಜಾದರೂ ಉಳಿಯುತ್ತದೆ.