ಸೈಕಲ್ ಗುಂಪಿಗೆ ರಾಜಕೀಯ ನುಗ್ಗಿದರೆ ಅಡ್ಮಿನ್ ಏನು ಮಾಡಬೇಕು?

2024ರ ಏಪ್ರಿಲ್ ಮೊದಲ ವಾರ ನಮ್ಮ ಸೈಕಲ್ ಗುಂಪಿನ ವಾಟ್ಸಾಪ್‌ನಲ್ಲಿ 43 ಜನ ಇದ್ದರು. ಮೇ 7ಕ್ಕೆ ಶಿವಮೊಗ್ಗದಲ್ಲಿ ಲೋಕಸಭೆಯ ಮತದಾನ ಮುಗಿಯುವಾಗ ಉಳಿದವರು 26. ಬಿಟ್ಟುಹೋದ 17 ಜನರಲ್ಲಿ ಒಬ್ಬರಿಗೂ ಮಂಡಿ ನೋವಿರಲಿಲ್ಲ.

ನಾನು ಸೈಕಲ್ ರಿಪೇರಿಯವನು. ಅಂಗಡಿ ಅಪ್ಪನ ಕಾಲದ್ದು, ಆಗ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲೂ ಕೊಡುತ್ತಿದ್ದೆವು. ಗುಂಪಿಗೆ ನನ್ನನ್ನು ಅಡ್ಮಿನ್ ಮಾಡಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ. ನಿಂತು ಗಾಳಿ ಹೊಡೆಯುವ ದೊಡ್ಡ ಪಂಪ್ ನನ್ನ ಹತ್ತಿರ ಇತ್ತು, ಅಷ್ಟೇ. ಈಗ ಗುಂಪು ಮತ್ತೆ 38ಕ್ಕೆ ಬಂದಿದೆ. ಸಾಗರದ ಕಡೆಯ ಒಂದು ಗುಂಪಿನ ಅಡ್ಮಿನ್ ಫೋನ್ ಮಾಡಿ, "ಅದೇನ್ ಮಾಡಿದ್ರಿ ಮಾರಾಯ್ರೆ, ನಮ್ಮಲ್ಲಿ ದಿನಾ ಕುರುಕ್ಷೇತ್ರ" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ರಾಜಕೀಯ ಬಂತಲ್ಲಾ ಎಂದು ಗಾಬರಿ ಆಗಬೇಡಿ. ನಾವು ಇರುವುದು ಯಾವ ಜಿಲ್ಲೆಯಲ್ಲಿ? 1942ರಲ್ಲಿ "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದ ಜಿಲ್ಲೆ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತ ಜಿಲ್ಲೆ. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ, ನಾಲ್ಕು ಮುಖ್ಯಮಂತ್ರಿಗಳು ಇಲ್ಲಿಯವರು. ಪಟೇಲರು ಮುಖ್ಯಮಂತ್ರಿ ಆದಾಗ ಚನ್ನಗಿರಿಯೂ ನಮ್ಮ ಜಿಲ್ಲೆಯಲ್ಲೇ ಇತ್ತು. ಇಲ್ಲಿ ಟೀ ಕುದಿಯುವ ಮೊದಲೇ ರಾಜಕೀಯ ಕುದಿಯುತ್ತದೆ.

"ಸೈಕಲ್ಲಿಗೂ ರಾಜಕೀಯಕ್ಕೂ ಏನ್ರೀ ಸಂಬಂಧ" ಎನ್ನುವವರಿಗೆ ನಾನು 2005ರ ಉಪಚುನಾವಣೆ ನೆನಪಿಸುತ್ತೇನೆ. ಬಂಗಾರಪ್ಪನವರು ಆ ಸಲ ನಿಂತದ್ದು ಸಮಾಜವಾದಿ ಪಕ್ಷದಿಂದ. ಗುರುತು ಸೈಕಲ್! ಗೆದ್ದರು ಕೂಡ. ಮೆರವಣಿಗೆಗೆ ಎಂದು ನಮ್ಮ ಅಂಗಡಿಯ ಬಾಡಿಗೆ ಸೈಕಲ್ ಅಷ್ಟನ್ನೂ ಒಂದು ದಿನ ತೆಗೆದುಕೊಂಡು ಹೋದರು. ದುಡ್ಡು ಚೊಕ್ಕವಾಗಿ ಬಂತು. ಆದರೆ ಎದುರು ಬೀದಿಯ ಇಬ್ಬರು ಗಿರಾಕಿಗಳು ತಿಂಗಳುಗಟ್ಟಲೆ ಪಂಕ್ಚರ್ ಹಾಕಿಸಲೂ ಬರಲಿಲ್ಲ. ಅಪ್ಪ ಯಾರಿಗೆ ವೋಟು ಹಾಕಿದ್ದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ನಾನು ಮಾಡಿದ ತಪ್ಪು. ಆ ಮೇ ತಿಂಗಳಲ್ಲಿ ಸಿಟ್ಟಿಗೆ ಒಂದು ಸಾಲು ಬರೆದು ಗುಂಪಿನ ಮೇಲ್ಗಡೆ ಅಂಟಿಸಿದೆ: "ರಾಜಕೀಯ ಪೂರ್ತಿ ಬಂದ್. ಹಾಕಿದವರನ್ನು ತೆಗೆಯಲಾಗುವುದು." ಎಲ್ಲರೂ ಹೆಬ್ಬೆರಳು ಎತ್ತಿದರು. ಮಾರನೇ ಭಾನುವಾರ ಗಾಜನೂರಿಗೆ ಹೋದೆವು. ಮುಂದಿದ್ದವರು ದನ ಅಡ್ಡ ಬಂತು ಎಂದು ಅಂಗೈ ಎತ್ತಿದರು. ಹಿಂದಿನವರಿಗೆ 'ನಿಲ್ಲಿ' ಎಂದು ಸನ್ನೆ ಮಾಡುವುದು ಹಾಗೇ. ಯಾರೋ ಫೋಟೋ ಹೊಡೆದು ಗುಂಪಿಗೆ ಹಾಕಿದರು. ಐದು ನಿಮಿಷದಲ್ಲಿ ದೂರು ಬಂತು: "ಇದು 'ಕೈ' ಪ್ರಚಾರ, ತೆಗೆಸಿ." ಅದಕ್ಕೆ ಪ್ರತಿಯಾಗಿ ಇನ್ನೊಬ್ಬರು ಎರಡು ವಾರದ ಹಿಂದಿನ ಕೆರೆಯ ಫೋಟೋ ಹುಡುಕಿ ತೆಗೆದರು. ಅದರ ತುಂಬಾ ತಾವರೆ. ನಾನು ಎರಡನ್ನೂ ಅಳಿಸಿದೆ. ಅಡ್ಡ ಬಂದ ದನದ್ದೇ ಬೇರೆ ಒಂದು ಫೋಟೋ ಇತ್ತು, ಅದು ಮಾತ್ರ ಉಳಿಯಿತು. ಅದರ ಬಗ್ಗೆಯೂ ಗಲಾಟೆ ಆಗಬಹುದಿತ್ತು, ಪುಣ್ಯಕ್ಕೆ ಆಗಲಿಲ್ಲ.

ಇದನ್ನೆಲ್ಲ ನಗಾಡಿಕೊಂಡು ಹೇಗೋ ನಡೆಸಬಹುದಿತ್ತು. ಆ ನಿಯಮ ಕಿತ್ತುಹಾಕಿದ್ದು ಬೇರೆ ಕಾರಣಕ್ಕೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆಯಿತು. ಲಾಂಚ್‌ಗೆ ಕಾಯದೆ ಶರಾವತಿ ಹಿನ್ನೀರು ದಾಟಬಹುದು, ಎರಡು ಕಿಲೋಮೀಟರ್‌ಗಿಂತ ಉದ್ದದ ಸೇತುವೆ. ಮಳೆ ಸ್ವಲ್ಪ ಬಿಟ್ಟ ಮೇಲೆ ನಾವು ಏಳು ಜನ ಸಾಗರದವರೆಗೆ ಸೈಕಲ್‌ಗಳನ್ನು ಗಾಡಿಯಲ್ಲಿ ಹಾಕಿಕೊಂಡು, ಅಲ್ಲಿಂದ ತುಳಿದುಕೊಂಡು ಹೋದೆವು. ಫೋಟೋ ಹಾಕಿದ್ದೇ ತಡ, ಸೇತುವೆ ಯಾರ ಸಾಧನೆ ಎಂದು ಶುರು. ಅದನ್ನು ಅಳಿಸಿದೆ, ಸರಿ. ಆ ಭರದಲ್ಲೇ ಇನ್ನೊಂದು ಮೆಸೇಜನ್ನೂ ಅಳಿಸಿದೆ. ನಮ್ಮ ಗುಂಪಿನ ಒಬ್ಬ ಹುಡುಗ ಹೀಗೆ ಬರೆದಿದ್ದ: "ಚಂದ ಇದೆ ಫೋಟೋ. ಆ ನೀರಿನ ಅಡಿಗೆ ನಮ್ಮ ಊರಿದೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಅಜ್ಜನನ್ನು ಲಾರಿಗೆ ಹತ್ತಿಸಿ ತಂದು ಕಾಡಲ್ಲಿ ಇಳಿಸಿದ್ರು. ಜಮೀನಿನ ಪತ್ರ ಇನ್ನೂ ಆಗಿಲ್ಲ." ಕೆಳಗೆ ಯಾರೋ "ಅಡ್ಮಿನ್, ರಾಜಕೀಯ" ಎಂದಿದ್ದರು. ನಾನು ಯೋಚನೆ ಮಾಡಲಿಲ್ಲ.

ಸೋಮವಾರ ಆ ಹುಡುಗ ಅಂಗಡಿಗೆ ಬಂದ. ಬ್ರೇಕ್ ಶೂ ಸವೆದಿತ್ತು. ನಾನು ಬಿಚ್ಚುತ್ತಿದ್ದಾಗ ಕೇಳಿದ, "ಅಣ್ಣ, ನಮ್ಮಜ್ಜಿ ನೀರು ಸೇದ್ತಿದ್ದ ಬಾವಿ ಯಾವ ಪಕ್ಷದ್ದು, ಹೇಳಿ?" ಬ್ರೇಕ್ ಶೂ ಜೋಡಿಗೆ 60 ರೂಪಾಯಿ. ತೆಗೆದುಕೊಳ್ಳುವ ಮುಖ ಇರಲಿಲ್ಲ ನನಗೆ. ಅವನು ಇಟ್ಟು ಹೋದ.

ಅವತ್ತು ರಾತ್ರಿ ಹಳೆಯ ಸಾಲು ತೆಗೆದು ಹೊಸದನ್ನು ಹಾಕಿದೆ. ಬೇಕಾದರೆ ಹಾಗೇ ನಕಲು ಮಾಡಿಕೊಳ್ಳಿ:

"ಫಾರ್ವರ್ಡ್ ಬೇಡ. ನಿಮ್ಮ ಬೆರಳಲ್ಲಿ ಟೈಪ್ ಮಾಡಿದ್ದು ಯಾವುದೇ ಇರಲಿ, ಹಾಕಿ. ಗುಂಡಿ ಎಲ್ಲಿದೆ ಬರೆಯಿರಿ, ಯಾರ ಕಾಲದ ಗುಂಡಿ ಅಂತ ಬರೆಯಬೇಡಿ. ರಾತ್ರಿ 9ರಿಂದ ಬೆಳಗ್ಗೆ 5ರವರೆಗೆ ಬೀಗ."

ಫಾರ್ವರ್ಡ್ ಗುರುತಿಸುವುದು ಸುಲಭ, ಮೆಸೇಜಿನ ಮೇಲೆ ಬಾಣದ ಗುರುತು ಇರುತ್ತದೆ. ಎರಡು ಬಾಣ ಇದ್ದರೆ ಅದು ಊರೆಲ್ಲ ಸುತ್ತಿ ಬಂದದ್ದು, ಓದದೆಯೇ ಅಳಿಸಿ. ಇದರಿಂದ ಎಷ್ಟು ಗಲಾಟೆ ಕಡಿಮೆ ಆಯಿತು ಎಂದರೆ ನನಗೇ ಆಶ್ಚರ್ಯ. ಕೂತು ಟೈಪ್ ಮಾಡುವಷ್ಟು ಸಿಟ್ಟು ಜಾಸ್ತಿ ಜನರಿಗೆ ಇರುವುದಿಲ್ಲ. ಬೀಗ ಹಾಕುವುದು ಅಂದರೆ, ಗುಂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಕಳಿಸಬಹುದು ಎಂದು ಮಾಡುವುದು. ನಾನು ಊಟ ಮುಗಿಸಿ ಅದನ್ನು ಒತ್ತಿ ಮಲಗುತ್ತೇನೆ. ಮತದಾನ ಮುಗಿಯುವ ಮೊದಲಿನ 48 ಗಂಟೆ ಬಹಿರಂಗ ಪ್ರಚಾರ ನಿಲ್ಲುತ್ತದಲ್ಲ, ಆಗ ನಮ್ಮ ಗುಂಪಿಗೂ ಪೂರ್ತಿ ಬೀಗ.

ಹೊಸ ನಿಯಮಕ್ಕೆ ಪರೀಕ್ಷೆ ಬೇಗ ಬಂತು. 2025ರ ಸೆಪ್ಟೆಂಬರ್ 14, ಸ್ಪೇನಿನಲ್ಲಿ ವಾರಗಟ್ಟಲೆ ನಡೆಯುವ ವುಯೆಲ್ಟಾ ಸೈಕಲ್ ರೇಸಿನ ಕೊನೇ ದಿನ. ಇಸ್ರೇಲ್ ಹೆಸರಿನ ತಂಡ ಓಡುತ್ತಿದೆ ಎಂದು ಪ್ಯಾಲೆಸ್ಟೀನ್ ಪರ ಇದ್ದವರು ಮ್ಯಾಡ್ರಿಡ್ ರಸ್ತೆಗೆ ನುಗ್ಗಿದರು. ಆ ದಿನದ ಓಟ ಮುಗಿಯಲೇ ಇಲ್ಲ. ಅಲ್ಲಿವರೆಗಿನ ಲೆಕ್ಕದಲ್ಲಿ ಗೆದ್ದ ವಿಂಗೆಗೋ ಮತ್ತು ಎರಡು, ಮೂರನೇ ಸ್ಥಾನದವರು ಒಂದು ಹೋಟೆಲಿನ ಕಾರು ನಿಲ್ಲಿಸುವ ಜಾಗದಲ್ಲಿ ಐಸ್ ಪೆಟ್ಟಿಗೆಗಳ ಮೇಲೆ ನಿಂತು ಸಂಭ್ರಮಿಸಿದರು. ನಮ್ಮಲ್ಲಿ ರೇಸ್ ನೋಡುವವರು ನಾಲ್ಕೇ ಜನ. ಜಗಳಕ್ಕೆ ಮಾತ್ರ ಇಪ್ಪತ್ತು ಜನ. "ಆಟದಲ್ಲಿ ರಾಜಕೀಯ ಯಾಕೆ" ಎಂದು ಒಬ್ಬರು, "ತಂಡಕ್ಕೆ ದೇಶದ ಹೆಸರಿಟ್ಟಾಗಲೇ ರಾಜಕೀಯ ಬಂತಲ್ವಾ" ಎಂದು ಇನ್ನೊಬ್ಬರು. ನಾನು ಒಂದನ್ನೂ ಅಳಿಸಲಿಲ್ಲ, ಫಾರ್ವರ್ಡ್ ಬಿಟ್ಟು. ಅದು ಸೈಕಲ್ಲಿನದೇ ಸುದ್ದಿ ತಾನೇ. ಮೂರನೇ ದಿನ ಮಾತು ತಾನಾಗಿ ಮಳೆಗಾಲಕ್ಕೆ ಯಾವ ಚೈನ್ ಎಣ್ಣೆ ಒಳ್ಳೇದು ಎನ್ನುವ ಕಡೆಗೆ ಹೊರಳಿತು. ಆ ಜಗಳ ಇನ್ನೂ ನಡೆಯುತ್ತಿದೆ.

ವಾದ ಮಾಡಲೇಬೇಕು ಎನ್ನುವವರಿಗೆ ಜಾಗ ಕೊಡಿ. ನಮ್ಮ ಭಾನುವಾರದ ದಾರಿ ಗೋಪಿ ಸರ್ಕಲ್‌ನಿಂದ ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ. ಸುಮಾರು 30 ಕಿಲೋಮೀಟರ್. ಹೋಗುವಾಗ ವಾದ ಇಲ್ಲ, ಮಂಡಗದ್ದೆಯ ತಿಂಡಿ ಮೇಜಿನ ಮೇಲೆ ಎಷ್ಟು ಬೇಕಾದರೂ. ಇದು ಶಿಸ್ತಿಗಾಗಿ ಅಲ್ಲ. ವಾದ ಶುರುವಾದರೆ ಇಬ್ಬರು ಅಕ್ಕಪಕ್ಕ ತುಳಿಯುತ್ತಾರೆ, ತೀರ್ಥಹಳ್ಳಿ ಬಸ್ಸು ಹಿಂದಿನಿಂದ ಬರುತ್ತಿರುತ್ತದೆ. ಇನ್ನೊಂದು, ಮುಂದಿನವರಿಗೆ ಸಿಟ್ಟು ಬಂದರೆ ಗಂಟೆಗೆ 22 ಇದ್ದ ವೇಗ 28 ಆಗುತ್ತದೆ, ಹಿಂದಿನವರು ಕಳಚಿಕೊಳ್ಳುತ್ತಾರೆ. ಅಡಿಕೆ ಮಂಡಿಯ ಗೌಡ್ರೂ ನಮ್ಮ ಮೇಷ್ಟ್ರೂ ಒಮ್ಮೆ ಪಶ್ಚಿಮ ಘಟ್ಟ ಉಳಿಸುವ ಕುರಿತ ಕಸ್ತೂರಿರಂಗನ್ ವರದಿ ಬಗ್ಗೆ ಮಾತಾಡುತ್ತಾ ಸಕ್ರೆಬೈಲಿನ ಏರು ಹತ್ತಿದ್ದನ್ನು ಗೊತ್ತೇ ಮಾಡಿಕೊಳ್ಳಲಿಲ್ಲ. ಹಿಂದೆ ಒಂಬತ್ತು ಜನ ಏದುಸಿರು ಬಿಡುತ್ತಿದ್ದೆವು. ಆಗುಂಬೆ ಘಾಟಿ ಮಾತ್ರ ಈ ವಿಷಯದಲ್ಲಿ ಒಳ್ಳೇದು. ಸೋಮೇಶ್ವರದಿಂದ ಹತ್ತುವಾಗ 14 ತಿರುವುಗಳಲ್ಲಿ ಯಾರಿಗೂ ಸಿದ್ಧಾಂತ ಇರುವುದಿಲ್ಲ.

ಮಾತು, ಪದ. ಇದು ಪಕ್ಷ ರಾಜಕೀಯಕ್ಕಿಂತ ಕಷ್ಟ.

ನಮ್ಮಲ್ಲಿ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಹುಡುಗ ಇದ್ದಾನೆ. ಒಳ್ಳೆಯವನು. ಆದರೆ ಯಾರು ಏನೇ ಬರೆದರೂ ತಿದ್ದುತ್ತಾನೆ. "ಅಂಕಲ್, ಲೇಡೀಸ್ ಸೈಕಲ್ ಅನ್ನಬಾರದು." ನನಗೆ ರೇಗಿತು. ಮೂವತ್ತು ವರ್ಷದಿಂದ ಹಾಗೇ ಹೇಳಿ ಸರಕು ತರಿಸುತ್ತಿದ್ದೇನೆ. ಆಮೇಲೆ ಅಂಗಡಿಯಲ್ಲಿ ಗಮನಿಸಿದೆ. ಪಂಚೆ ಉಡುವ ಯಜಮಾನರು, ಮಂಡಿ ನೋವಿನವರು, ಕಾಲೆತ್ತಿ ಹಾಕಲು ಆಗದವರು ಆ ಸೈಕಲ್ ಕಡೆ ನೋಡುತ್ತಾರೆ, ಮುಟ್ಟುತ್ತಾರೆ, ಕೇಳುವುದಿಲ್ಲ. ಹೆಸರು ಲೇಡೀಸ್ ಅಲ್ವಾ. ನಾನು 'ಬಾರ್ ಇಲ್ಲದ ಸೈಕಲ್' ಎನ್ನಲು ಶುರು ಮಾಡಿದೆ. ಆ ವರ್ಷ ಮೂವರು ಯಜಮಾನರು ಕೊಂಡರು. ಹುಡುಗನಿಗೆ ಒಂದು ಬಾಟಲ್ ಸ್ಟ್ಯಾಂಡ್ ಪುಕ್ಕಟೆ ಹಾಕಿಕೊಟ್ಟೆ.

ಹಾಗಂತ ಅವನು ಹೇಳಿದ್ದೆಲ್ಲಾ ಸರಿ ಅಲ್ಲ. ಚಕ್ರ ಅಲುಗಾಡಿದರೆ ನಾವು 'ಕುಂಟ್ತಾ ಇದೆ' ಎನ್ನುತ್ತೇವೆ. ಅದಕ್ಕೂ ಅವನು ಗುಂಪಿನಲ್ಲಿ ಉದ್ದದ ಪಾಠ ಬರೆದ. ನಮ್ಮ ಗುಂಪಿನಲ್ಲಿ ಪೋಲಿಯೋದಿಂದ ಒಂದು ಕಾಲು ಸಣ್ಣದಾದ ಒಬ್ಬರಿದ್ದಾರೆ. ಅವರಿಗೆ ಎಡ ಪೆಡಲ್‌ಗೆ ಮರದ ತುಂಡು ಕೂರಿಸಿ ಎತ್ತರ ಮಾಡಿ ಕೊಟ್ಟವನು ನಾನೇ. ಅವರು ಉತ್ತರ ಬರೆದರು: "ಚಕ್ರ ಕುಂಟಲಿ, ನನಗೇನು. ನಾನು ಬಂದಾಗೆಲ್ಲ ಫೋಟೋ ಹಾಕಿ 'ಸ್ಫೂರ್ತಿ' ಅಂತ ಬರೀತೀರಲ್ಲ, ಅದೊಂದು ಬಿಟ್ಟುಬಿಡಿ ಸ್ವಾಮಿ." ಗುಂಪು ಒಂದು ದಿನ ಸುಮ್ಮನಿತ್ತು. ಸ್ಫೂರ್ತಿ ಎಂದು ಜಾಸ್ತಿ ಬರೆದವನು ನಾನೇ.

ಅದಕ್ಕೇ ಪದದ ಬಗ್ಗೆ ದೂರು ಬಂದರೆ ನಾನು ಈಗ ಕೇಳುವುದು, "ನಿಮಗೆ ನೋವಾಯ್ತಾ, ಇನ್ನೊಬ್ಬರ ಪರವಾಗಿ ಹೇಳ್ತಿದೀರಾ?" ಅವರಿಗೇ ನೋವಾಗಿದ್ದರೆ ವಾದ ಇಲ್ಲ, ತೆಗೆಯುತ್ತೇನೆ. ಇನ್ನೊಬ್ಬರ ಪರವಾಗಿ ಎಂದರೆ ಆ ಇನ್ನೊಬ್ಬರಿಗೆ ಫೋನ್ ಮಾಡುತ್ತೇನೆ. ಗುಂಪಿನಲ್ಲಿ ಕೇಳಬೇಡಿ. ಎಲ್ಲರ ಎದುರು ಯಾರೂ ನಿಜ ಹೇಳುವುದಿಲ್ಲ.

ಇದನ್ನು ಕಲಿತದ್ದು ಹೇಗೆ ಎಂದೂ ಹೇಳಿಬಿಡುತ್ತೇನೆ. ಒಬ್ಬ ಹಿರಿಯರು ಒಂದು ಜಾತಿಯ ಹೆಸರನ್ನು ಬೈಗುಳದ ಹಾಗೆ ತಮಾಷೆಗೆ ಬಳಸಿದ್ದರು. ಹಳೇ ಕಾಲದವರ ಬಾಯಲ್ಲಿ ಬರುವ ಮಾತು ಎಂದು ನಾವೆಲ್ಲ ನಕ್ಕೆವು. ತಿದ್ದುವ ಹುಡುಗ ಅವತ್ತು ಊರಲ್ಲಿರಲಿಲ್ಲ. ಒಬ್ಬ ಸದಸ್ಯ ಸದ್ದಿಲ್ಲದೆ ಬರುವುದು ಬಿಟ್ಟ. ಎರಡು ತಿಂಗಳಾದ ಮೇಲೆ ಸರ್ವಿಸ್‌ಗೆ ಬಿಟ್ಟ ಸೈಕಲ್ ಒಯ್ಯಲು ಬಂದಾಗ ಕೇಳಿದೆ, ಬರ್ತಾ ಇಲ್ವಲ್ಲ. "ಬೆಳಗ್ಗೆ ಏಳೋಕೆ ಆಗಲ್ಲ ಸರ್" ಅಂದ. ಸೈಕಲ್ ಟೈರ್ ನೋಡಿದರೆ ಚೆನ್ನಾಗಿ ಸವೆದಿತ್ತು. ದಿನಾ ಒಬ್ಬನೇ ಹೋಗುತ್ತಿದ್ದ. ಹಿರಿಯರ ಮನೆಗೆ ಹೋಗಿ ಹೇಳಿದೆ. ಮೊದಲು ಕೂಗಾಡಿದರು, ಆಮೇಲೆ ಅವನಿಗೆ ಫೋನ್ ಮಾಡಿದರು. ಅವನು ವಾಪಸ್ ಬರಲಿಲ್ಲ. ಅಂಗಡಿಗೆ ಬರುತ್ತಾನೆ.

ಯಾರನ್ನಾದರೂ ತೆಗೆಯಬೇಕಾದರೆ ಒಬ್ಬರೇ ತೀರ್ಮಾನ ಮಾಡಬೇಡಿ. ನನಗೂ ಒಂದು ಪಕ್ಷ ಇದೆ, ಸುಮ್ನೆ ಇಲ್ಲ ಅನ್ನುವುದು ಯಾಕೆ. ಹಾಗಾಗಿ ನನಗೆ ಪೂರ್ತಿ ಎದುರು ವೋಟು ಹಾಕುವ ಬ್ಯಾಂಕಿನ ಅಕ್ಕನನ್ನು ಎರಡನೇ ಅಡ್ಮಿನ್ ಮಾಡಿದ್ದೇನೆ. ಇಬ್ಬರೂ ಒಪ್ಪಿದರೆ ಮಾತ್ರ ತೆಗೆಯುವುದು. ಅದಕ್ಕೂ ಮೊದಲು ಫೋನ್, ಅದೂ ಬೆಳಗ್ಗೆ. ಎರಡು ವರ್ಷದಲ್ಲಿ ತೆಗೆದದ್ದು ಒಬ್ಬರನ್ನೇ, ಹೆಂಗಸರ ಜರ್ಸಿ ಬಗ್ಗೆ ಹೊಲಸು ಬರೆದವನನ್ನು. ಅವನ ವಿಷಯದಲ್ಲಿ ಫೋನ್ ಮಾಡಲಿಲ್ಲ. ಅಕ್ಕ ಮೊದಲೇ ಒತ್ತಿಬಿಟ್ಟಿದ್ದರು.

ದಿನಾ ಬೆಳಗ್ಗೆ ಬೀಗ ತೆಗೆದ ಕೂಡಲೇ ಹೂವಿನ ಶುಭೋದಯ ಹಾಕುವ ಒಬ್ಬರು ಮಾತ್ರ ಯಾವ ನಿಯಮಕ್ಕೂ ಬಗ್ಗಿಲ್ಲ. ಎರಡು ಬಾಣದ ಫಾರ್ವರ್ಡೇ. ಅವರು ಸೈಕಲ್ ತುಳಿಯುವುದೂ ಇಲ್ಲ. ತಾವರೆ ಹಾಕಬೇಡಿ ಎಂದದ್ದಕ್ಕೆ ಈಗ ಗುಲಾಬಿಗೆ ಬಂದಿದ್ದಾರೆ, ಅಷ್ಟು ಸಾಕು. ನನ್ನ ಮಾವನವರು.