ಹಸಿರು ಬಂದ ಲಿಂಕ್‌ಗಳೇ ಕೈಕೊಟ್ಟವು

ನಾನು ದಿನಾ ಬಳಸುವ ಒಂದು ಪೈಥಾನ್ ಪ್ಯಾಕೇಜ್ ಇದೆ. ಕೋಡ್ ಗಟ್ಟಿಮುಟ್ಟು. ಡಾಕ್ಯುಮೆಂಟೇಶನ್ ಮಾತ್ರ ಪಾಳುಬಿದ್ದ ಮನೆಯ ಹಾಗೆ, ಯಾವ ಬಾಗಿಲು ತಳ್ಳಿದರೂ ಆಚೆ ಗೋಡೆ. "ವಿವರ ಇಲ್ಲಿದೆ" ಅಂತ ಇದ್ದ ಕಡೆ ಒತ್ತಿದರೆ 404, ಅಂದರೆ ಪುಟವೇ ಇಲ್ಲ. ಅದರ ಕೆಳಗಿನದೂ 404. ಕೋಡ್‌ಗೆ ಕೈ ಹಾಕುವ ಧೈರ್ಯ ಆಗ ನನಗಿರಲಿಲ್ಲ. ಲಿಂಕ್ ತಾನೇ, ಒಂದು ಸಂಜೆಯ ಕೆಲಸ ಅಂದುಕೊಂಡೆ.

ಮೊದಲ ಸಂಜೆಯೇ ಎಡವಿದೆ. ಹಳೆಯ ವಿಳಾಸಗಳೆಲ್ಲ ಎಚ್‌ಟಿಟಿಪಿಯಿಂದ ಶುರುವಾಗುತ್ತಿದ್ದವು. ಪಠ್ಯವನ್ನು ಒಟ್ಟಿಗೇ ಬದಲಿಸುವ ಒಂದು ಸೆಡ್ ಕಮಾಂಡ್ ಹೊಡೆದು ಇಡೀ ರೆಪೊದಲ್ಲಿ, ಅಂದರೆ ಪ್ರಾಜೆಕ್ಟ್‌ನ ಫೈಲ್‌ಗಳೆಲ್ಲ ಇರುವ ಕಡೆ, ಎಚ್‌ಟಿಟಿಪಿಎಸ್ ಮಾಡಿಬಿಟ್ಟೆ. ನೂರಕ್ಕೂ ಜಾಸ್ತಿ ಫೈಲ್ ಬದಲಾದವು. ಈ ಬದಲಾವಣೆ ಸೇರಿಸಿಕೊಳ್ಳಿ ಅಂತ ಖುಷಿಯಿಂದ ಪುಲ್ ರಿಕ್ವೆಸ್ಟ್ ಕಳಿಸಿದೆ. ಡಾಕ್ಸ್ (ಡಾಕ್ಯುಮೆಂಟೇಶನ್) ಬಿಲ್ಡ್ ಮಾಡಿ ಪುಟಗಳಾಗಿಸಿದಾಗ ಅದರಲ್ಲಿದ್ದ ಚಿತ್ರಗಳೆಲ್ಲ ಮಾಯ!

ಆದದ್ದಿಷ್ಟು. ಆ ಚಿತ್ರಗಳು ಎಸ್‌ವಿಜಿ ಅನ್ನುವ ಬಗೆಯವು. ಎಸ್‌ವಿಜಿ ಫೈಲ್‌ನ ತಲೆಯಲ್ಲೇ ಡಬ್ಲ್ಯು3 ಡಾಟ್ ಆರ್ಗ್‌ನ ಒಂದು ವಿಳಾಸ ಇರುತ್ತದೆ. ನೋಡಲು ಥೇಟ್ ಲಿಂಕ್. ಆದರೆ ಅದು ನೇಮ್‌ಸ್ಪೇಸ್, ಅಂದರೆ ಬರೀ ಹೆಸರು. ಬ್ರೌಸರ್ ಆ ವಿಳಾಸಕ್ಕೆ ಹೋಗುವುದೇ ಇಲ್ಲ, ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ ಅಷ್ಟೇ. ನಡುವೆ ಒಂದು 'ಎಸ್' ನುಸುಳಿದರೆ ಅದರ ಪಾಲಿಗೆ ಅದು ಚಿತ್ರವೇ ಅಲ್ಲ. ಸಾಲದ್ದಕ್ಕೆ ಲೈಸೆನ್ಸ್ ಫೈಲ್‌ನ ಪಠ್ಯವನ್ನೂ ತಿದ್ದಿದ್ದೆ, ಟೆಸ್ಟ್‌ಗಳಿಗಾಗಿ ಬೇಕೆಂದೇ ಇಟ್ಟಿದ್ದ ವಿಳಾಸಗಳನ್ನೂ ಕೆಡಿಸಿದ್ದೆ. ಪ್ಯಾಕೇಜ್ ನೋಡಿಕೊಳ್ಳುವ ಮೇಂಟೇನರ್ ಎರಡೇ ಸಾಲು ಬರೆದು ರಿಕ್ವೆಸ್ಟ್ ಮುಚ್ಚಿದರು. ಬೈದಿದ್ದರೂ ತಪ್ಪಿರಲಿಲ್ಲ.

ಎರಡನೇ ಸಲ ಬುದ್ಧಿ ಬಂದಿತ್ತು. ಆ ಡಾಕ್ಸ್ ಇದ್ದದ್ದು ಸ್ಫಿಂಕ್ಸ್ ಅನ್ನುವ ಡಾಕ್ಯುಮೆಂಟೇಶನ್ ಟೂಲ್‌ನಲ್ಲಿ. ಸ್ಫಿಂಕ್ಸ್‌ಗೆ ಲಿಂಕ್ ಪರೀಕ್ಷಿಸುವ ಲಿಂಕ್‌ಚೆಕ್ ಅನ್ನುವ ಬಿಲ್ಡರ್ ಜೊತೆಗೇ ಬರುತ್ತದೆ, ಹೊಸದಾಗಿ ಏನೂ ಹಾಕಿಕೊಳ್ಳಬೇಕಿಲ್ಲ. ರೀಡ್‌ಮಿಯಂಥ (ಪ್ರಾಜೆಕ್ಟ್‌ನ ಪರಿಚಯ ಇರುವ ಫೈಲ್) ಬಿಡಿ ಫೈಲ್‌ಗಳಿಗೆ ಲೈಚಿ ಬಳಸಿದೆ. ಅದೂ ಲಿಂಕ್ ಪರೀಕ್ಷಿಸುವುದೇ, ರಸ್ಟ್ ಭಾಷೆಯಲ್ಲಿ ಬರೆದ ಟೂಲ್, ಸಿಕ್ಕಾಪಟ್ಟೆ ಫಾಸ್ಟ್. ಎರಡರಿಂದಲೂ ಸೇರಿ ಉದ್ದದೊಂದು ಪಟ್ಟಿ ಬಂತು: ತೆರೆದವು ಹಸಿರು, ತೆರೆಯದವು ಕೆಂಪು.

ಕೆಂಪು ಬಂದದ್ದೆಲ್ಲ ಸತ್ತ ಲಿಂಕ್ ಅಲ್ಲ. 403 (ಒಳಗೆ ಬಿಡುವುದಿಲ್ಲ) ಮತ್ತು 429 (ತೀರಾ ಹೆಚ್ಚು ಸಲ ಕೇಳಿದಿರಿ) ಬಂದವನ್ನು ಬ್ರೌಸರ್‌ನಲ್ಲಿ ತೆರೆದರೆ ಬಹುಪಾಲು ಆರಾಮಾಗಿ ತೆರೆದುಕೊಂಡವು. ಆ ಸರ್ವರ್‌ಗಳಿಗೆ ಬಾಟ್ ಕಂಡರೆ ಆಗುವುದಿಲ್ಲ, ಅಷ್ಟೇ. ಇನ್ನು ರೀಡೈರೆಕ್ಟ್‌ಗಳು, ಅಂದರೆ ಬೇರೆ ವಿಳಾಸಕ್ಕೆ ಕಳಿಸುವವು. 301, 308 ಅಂದರೆ ಮನೆ ಬದಲಾಯಿಸಿ ಹೋಗಿದ್ದಾರೆ, ಹೊಸ ವಿಳಾಸ ಬರೆದುಕೊಳ್ಳಿ ಅಂತ. 302, 307 ಅಂದರೆ ಸದ್ಯಕ್ಕೆ ಪಕ್ಕದ ಮನೆಯಲ್ಲಿದ್ದಾರೆ ಅಂತ. ಈ ಎರಡನೆಯದನ್ನು ಸುಮ್ನೆ ತಿದ್ದಬಾರದು. ಸಂಶೋಧನಾ ಲೇಖನಗಳಿಗೆ ಕೊಡುವ ಕಾಯಂ ಗುರುತು ಡಿಒಐ, ಅದರ ಲಿಂಕ್‌ಗಳೇ ಇದಕ್ಕೆ ಒಳ್ಳೆಯ ಉದಾಹರಣೆ. ಅವು ಇರುವುದೇ ಪ್ರಕಾಶಕರ ಪುಟಕ್ಕೆ ದಾಟಿಸಲು. ಟೂಲ್ ಹೇಳಿತು ಅಂತ ಅವನ್ನು ತೆಗೆದು ಪ್ರಕಾಶಕರ ವಿಳಾಸ ಹಾಕಿದರೆ, ಎಂದೂ ಕೆಡದಿರಲಿ ಅಂತ ಇಟ್ಟ ಲಿಂಕನ್ನು ನಾವೇ ಕೆಡಿಸಿದ ಹಾಗೆ, ಅಲ್ವಾ?

ನಿಜವಾಗಿ ಸತ್ತವುಗಳಲ್ಲಿ ಮುಚ್ಚಿಹೋದ ತಾಣಗಳದ್ದೇ ಹೆಚ್ಚು. ಪ್ರಾಜೆಕ್ಟ್‌ಗಳ ಕೋಡ್ ಇಡುವ ತಾಣವಾಗಿದ್ದ ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು. ಅಂಥದ್ದೇ ತಾಣ ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ (ಕೋಡ್‌ನ ಇತಿಹಾಸ ಇಡುವ ಟೂಲ್) ರೆಪೊಗಳನ್ನು ಕೈಬಿಟ್ಟಿತು. ಇಂಥ ಕಡೆ ಪ್ರಾಜೆಕ್ಟ್ ಈಗ ಎಲ್ಲಿದೆ ಅಂತ ಹುಡುಕಬೇಕು. ಸಿಗದಿದ್ದರೆ ವೇಬ್ಯಾಕ್ ಮಷೀನ್, ಅಂದರೆ ಹಳೆಯ ವೆಬ್ ಪುಟಗಳ ಪ್ರತಿ ಇಡುವ ಆರ್ಕೈವ್. ಅಲ್ಲೂ ಕೊನೆಯ ಪ್ರತಿಯನ್ನು ಕಣ್ಣುಮುಚ್ಚಿ ಹಾಕಬೇಡಿ, ಎಷ್ಟೋ ಸಲ ಅದು "ಪುಟ ಸಿಗಲಿಲ್ಲ" ಅನ್ನುವ ಪುಟದ್ದೇ ಪ್ರತಿ. ನಾನು ಗಿಟ್ ಬ್ಲೇಮ್ (ಪ್ರತಿ ಸಾಲನ್ನು ಯಾರು, ಯಾವಾಗ ಬರೆದರು ಅಂತ ತೋರಿಸುವ ಕಮಾಂಡ್) ಮಾಡಿ ಆ ಸಾಲು ಯಾವ ದಿನ ಬರೆದದ್ದು ಅಂತ ನೋಡುತ್ತಿದ್ದೆ. ಆ ದಿನದ ಆಸುಪಾಸಿನ ಪ್ರತಿ ತೆಗೆದರೆ, ಬರೆದವರು ಕಂಡ ಪುಟವೇ ಸಿಗುತ್ತದೆ.

ಇಷ್ಟಕ್ಕೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಒಂದು ದಿನ ಬೇರೆ ಏನೋ ಓದುತ್ತಾ ರೀಡ್‌ಮಿಯಲ್ಲಿದ್ದ "ದಶಮಾಂಶ ರೌಂಡಿಂಗ್ ಬಗ್ಗೆ ಒಳ್ಳೆಯ ಲೇಖನ" ಅನ್ನುವ ಲಿಂಕ್ ಒತ್ತಿದೆ. ತೆರೆದದ್ದು ಆನ್‌ಲೈನ್ ಜೂಜಿನ ಪುಟ. ಲೇಖನ ಬರೆದವರು ಡೊಮೇನ್ ನವೀಕರಿಸಿರಲಿಲ್ಲ, ಯಾರೋ ಕೊಂಡುಕೊಂಡಿದ್ದರು. ಲೈಚಿ ಅದಕ್ಕೆ 200, ಅಂದರೆ ಎಲ್ಲ ಸರಿ, ಅಂತ ಕೊಟ್ಟು ಹಸಿರು ಬಳಿದಿತ್ತು. ಟೂಲ್‌ನ ತಪ್ಪೇನಿಲ್ಲ. ಪುಟ ಇದೆಯಾ ಅಂತ ಕೇಳಿದ್ದೆ, ಇದೆ ಅಂತ ಹೇಳಿತು.

ಆಮೇಲೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಹಸಿರು ಬಂದ ಪ್ರತಿ ಲಿಂಕ್‌ಗೂ ಎರಡು ಕಾಲಂ: ನಮ್ಮ ಡಾಕ್ಸ್‌ನಲ್ಲಿ ಆ ಲಿಂಕ್‌ಗೆ ಕೊಟ್ಟ ಹೆಸರು ಒಂದು, ಆ ಪುಟದ ಟೈಟಲ್ ಇನ್ನೊಂದು. ಬೇರೇನೂ ಇಲ್ಲ, ಹೋಲಿಸುವುದು ನನ್ನ ಕಣ್ಣು. ಕಾಫಿ ಮುಗಿಯುವಷ್ಟರಲ್ಲಿ ಕಳ್ಳರೆಲ್ಲ ಸಿಕ್ಕಿಬಿದ್ದರು. ಒಂದು ಕಡೆ "ಇನ್‌ಸ್ಟಾಲೇಶನ್ ಗೈಡ್" ಎದುರು ಯಾವುದೋ ಕಂಪನಿಯ ಮುಖಪುಟದ ಟೈಟಲ್. ಇನ್ನೊಂದು ಕಡೆ "ಸೈನ್ ಇನ್". ಮತ್ತೊಂದರಲ್ಲಿ "ಪುಟ ಸಿಗಲಿಲ್ಲ" ಅಂತಲೇ ಇದೆ, ಸರ್ವರ್ ಮಾತ್ರ 200 ಅಂತ ಸುಳ್ಳು ಹೇಳುತ್ತಿದೆ.

ಸ್ಕ್ರಿಪ್ಟ್‌ಗೂ ಸಿಗದ ಒಂದು ಜಾತಿ ಇದೆ. "ಡೀಫಾಲ್ಟ್ ಮೌಲ್ಯ ಇಲ್ಲಿದೆ ನೋಡಿ" ಅಂತ ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಒಂದು ಫೈಲ್‌ನ 88ನೇ ಸಾಲಿಗೆ ಲಿಂಕ್ ಕೊಟ್ಟಿದ್ದರು, ಅದೂ ಬದಲಾಗುತ್ತಲೇ ಇರುವ ಮಾಸ್ಟರ್ ಬ್ರಾಂಚ್‌ನಲ್ಲಿ. ಫೈಲ್ ಅಲ್ಲೇ ಇದೆ, ಟೈಟಲ್ಲೂ ಸರಿ. ಆದರೆ 88ನೇ ಸಾಲಿನಲ್ಲಿ ಈಗ ಇರುವುದು ಒಂದು ಮುಚ್ಚುವ ಬ್ರಾಕೆಟ್. ಫೈಲ್ ಪುಟದಲ್ಲಿ ವೈ ಕೀ ಒತ್ತಿದರೆ ಗಿಟ್‌ಹಬ್ ವಿಳಾಸವನ್ನು ಆ ಕಮಿಟ್‌ಗೆ, ಅಂದರೆ ಆ ಹೊತ್ತಿಗೆ ದಾಖಲಾದ ರೂಪಕ್ಕೆ, ಕಟ್ಟಿಹಾಕುತ್ತದೆ. ಹಾಗೆ ಕೊಟ್ಟಿದ್ದರೆ ಈ ಪಾಡು ಇರುತ್ತಿರಲಿಲ್ಲ. ಸರಿಯಾದ ಸಾಲು ಹುಡುಕಲು ಮತ್ತೆ ಹಳೆಯ ಇತಿಹಾಸವನ್ನೇ ಕೆದಕಿದೆ. ಹಾಗೆ ನೋಡಿದರೆ ಕೋಡ್ ಓದಲು ಕಲಿತದ್ದು ಇಲ್ಲೇ.

ಈ ಸಲ ಒಂದೇ ಗಂಟು ಕಟ್ಟಿ ಕಳಿಸಲಿಲ್ಲ. ಸುಮ್ಮನೆ ಮನೆ ಬದಲಾಯಿಸಿದವು ಒಂದು ಕಮಿಟ್, ಆರ್ಕೈವ್‌ಗೆ ಹೋದವು ಇನ್ನೊಂದು, ಅನುಮಾನ ಇದ್ದವು ಬೇರೆ. ಅನುಮಾನದವಕ್ಕೆ ಹಳೆಯ ಪುಟದಲ್ಲಿ ಏನಿತ್ತು, ಹೊಸದರಲ್ಲಿ ಏನಿದೆ ಅಂತ ಒಂದೊಂದು ಸಾಲು ಬರೆದೆ. ಮೂರು ದಿನದಲ್ಲಿ ಮರ್ಜ್ ಆಗಿ ಪ್ರಾಜೆಕ್ಟ್‌ಗೆ ಸೇರಿತು. ಪ್ರತಿ ಪುಲ್ ರಿಕ್ವೆಸ್ಟ್‌ಗೂ ಲಿಂಕ್ ಪರೀಕ್ಷೆ ಓಡಲಿ ಅಂತ ಕೇಳಿದೆ, ಮೇಂಟೇನರ್ ಒಪ್ಪಲಿಲ್ಲ. ಯಾರದೋ ಸರ್ವರ್ ಮಲಗಿದ್ದಕ್ಕೆ ಇನ್ಯಾರದೋ ಕೋಡ್ ಯಾಕೆ ಕೆಂಪಾಗಬೇಕು ಅಂದರು. ಅದೂ ನಿಜವೇ. ಈಗ ವಾರಕ್ಕೊಮ್ಮೆ ತಾನಾಗಿ ಓಡುತ್ತದೆ.

ಒಂದು ಮಾತ್ರ ನನ್ನ ಕೈಯಲ್ಲಿಲ್ಲ. ಪೈಥಾನ್ ಪ್ಯಾಕೇಜ್‌ಗಳು ಸಿಗುವ ತಾಣ ಪೈಪಿಐನ ಪುಟದಲ್ಲಿ ಕಾಣುವ ರೀಡ್‌ಮಿ ರಿಲೀಸ್ ಜೊತೆ ಅಪ್‌ಲೋಡ್ ಆದದ್ದು. ರೆಪೊದಲ್ಲಿ ತಿದ್ದಿದರೆ ಅಲ್ಲಿ ಬದಲಾಗುವುದಿಲ್ಲ, ಹೊಸ ರಿಲೀಸ್ ಬರಬೇಕು. ಅದಿನ್ನೂ ಬಂದಿಲ್ಲ. ರೌಂಡಿಂಗ್ ಬಗ್ಗೆ ತಿಳಿಯಲು ಹೋದವರು ಅಲ್ಲಿಂದ ಈಗಲೂ ಜೂಜಿನ ಪುಟಕ್ಕೇ ಹೋಗುತ್ತಿದ್ದಾರೆ.