ಜಮೀನಿಗೆ ನೋಟಿಸ್ ಬಂತಾ? ಮೊದಲು ತಾರೀಖು ನೋಡಿ

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಕಡೆ ಈಗ ಮಳೆ, ರೇಷ್ಮೆ ಗೂಡಿನ ರೇಟು ಮುಗಿದ ಮೇಲೆ ಬರುವ ಮಾತು ಭೂಸ್ವಾಧೀನ. ನೋಟಿಸ್ ಬಂದ ಮನೆಯಲ್ಲಿ ಎರಡು ಥರದವರಿರುತ್ತಾರೆ. 'ಸರ್ಕಾರದ ಜೊತೆ ಗುದ್ದಾಡೋಕಾಗುತ್ತಾ' ಅಂತ ಸುಮ್ನಾಗುವವರು ಒಬ್ಬರು. ಸಿಟ್ಟಿಗೆ ನೋಟಿಸನ್ನೇ ಮುಟ್ಟದವರು ಇನ್ನೊಬ್ಬರು. ಇಬ್ಬರಿಗೂ ತಕರಾರು ಕೊಡುವ ದಿನ ಕಳೆದುಹೋಗುತ್ತದೆ.

ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎನ್ನುತ್ತದೆ ಸಂವಿಧಾನದ 300ಎ ವಿಧಿ. 1978ರ 44ನೇ ತಿದ್ದುಪಡಿ ಆಸ್ತಿ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆಯಿತು, ನಿಜ. ಆದರೂ ಆ ಒಂದು ಸಾಲಿನೊಳಗೆ ಏಳು ಹಕ್ಕುಗಳಿವೆ ಎಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಬಿಡಿಸಿ ಹೇಳಿತು. ನೋಟಿಸ್ ಕೊಡಬೇಕು, ತಕರಾರು ಕೇಳಬೇಕು, ಕಾರಣ ಬರೆದು ತೀರ್ಮಾನ ತಿಳಿಸಬೇಕು, ಉದ್ದೇಶ ಸಾರ್ವಜನಿಕವಾಗಿರಬೇಕು, ನ್ಯಾಯವಾದ ಪರಿಹಾರ ಕೊಡಬೇಕು, ಎಳೆದಾಡದೆ ನಡೆಸಬೇಕು, ಕೊನೆ ಮುಟ್ಟಿಸಬೇಕು. ನಿಮ್ಮ ಕೈಲಿರುವ ನೋಟಿಸ್ ಈ ಏಳರಲ್ಲಿ ಮೊದಲನೆಯದು. ಬೈದುಕೊಂಡಾದರೂ ತೆಗೆದುಕೊಳ್ಳಿ, ಸಹಿ ಪಕ್ಕದಲ್ಲಿ ತಾರೀಖು ಬರೆಯಿರಿ.

ಯಾವ ಕಾಯ್ದೆ? ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ನೋಟಿಸ್ ಆದರೆ 1966ರ ಕಾಯ್ದೆಯ ಸೆಕ್ಷನ್ 28(2). ಕೈಸೇರಿದ ದಿನದಿಂದ 30 ದಿನದೊಳಗೆ ತಕರಾರು ಕೊಡಬೇಕು. 2013ರ ಭೂಸ್ವಾಧೀನ ಕಾಯ್ದೆಯಾದರೆ 60 ದಿನ, ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಾದರೆ 21. ಇವೆರಡರಲ್ಲಿ ದಿನದ ಲೆಕ್ಕ ಅಧಿಸೂಚನೆ ಪ್ರಕಟವಾದಾಗಲೇ ಶುರು, ಹುಷಾರು.

ಪಹಣಿ ಯಾರ ಹೆಸರಲ್ಲಿದೆ? ನಮ್ಮನೆಗೆ ಬಂದ ನೋಟಿಸ್ ತೀರಿಕೊಂಡ ತಾತನ ಹೆಸರಿಗಿತ್ತು. ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸಿರಲಿಲ್ಲ. ವಂಶವೃಕ್ಷ ಮಾಡಿಸಲು ಚಿಕ್ಕಪ್ಪ ಓಡಾಡಿದ್ದರಲ್ಲೇ ಎರಡು ವಾರ ಹೋಯಿತು. ತಪ್ಪು ನಮ್ಮದೇ. ನಿಮಗೆ ನೋಟಿಸ್ ಬರದಿದ್ದರೂ ಈ ಕೆಲಸ ಇವತ್ತೇ ಮಾಡಿ.

ತಕರಾರು ಬರೆಯುವುದು. ಇಲ್ಲಿ ಜಾಸ್ತಿ ಹೊತ್ತು ಕೂರಿ. 'ಬಡವರು, ನಮ್ಮ ಜಮೀನು ಬಿಟ್ಟುಬಿಡಿ' ಅಂತಷ್ಟೇ ಬರೆದರೆ ಅದಕ್ಕೆ ಉತ್ತರ ಕೊಡುವ ಕಷ್ಟ ಯಾರಿಗೂ ಇರುವುದಿಲ್ಲ. ಸರ್ವೆ ನಂಬರ್, ಎಕರೆ, ಗುಂಟೆ ಬರೆಯಿರಿ. ಹಿಪ್ಪುನೇರಳೆ ಎಷ್ಟಿದೆ, ಮಾವಿನ ಮರ ಎಷ್ಟು, ಬೋರ್‌ವೆಲ್, ಹುಳು ಮನೆ, ದನದ ಕೊಟ್ಟಿಗೆ, ಇದನ್ನೇ ನಂಬಿದವರು ಎಷ್ಟು ಜನ, ಎಲ್ಲ ಇರಲಿ. ಫೋಟೊ ಲಗತ್ತಿಸಿ. ಹತ್ತಿರದಲ್ಲೇ ಹಿಂದೆ ತೆಗೆದುಕೊಂಡ ಜಮೀನು ಖಾಲಿ ಬಿದ್ದಿದ್ದರೆ 'ಅದಿರುವಾಗ ಇದೇಕೆ' ಎಂದು ಕೇಳಿ. ಸಾರ್ವಜನಿಕ ಉದ್ದೇಶದ ಬುಡಕ್ಕೇ ಹೋಗುವ ಪ್ರಶ್ನೆ ಅದು. ಊರಿಗೆಲ್ಲ ಒಂದೇ ಟೈಪ್ ಮಾಡಿದ ಹಾಳೆ ಬೇಡ, ನಿಮ್ಮ ಹೊಲದ ಕಥೆ ಬೇರೆ ಅಲ್ವಾ? ಕಚೇರಿಯಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ವಿಚಾರಣೆ. ಕೆಐಎಡಿಬಿ ಕಾಯ್ದೆಯ 28(3)ರ ಪ್ರಕಾರ ನಿಮ್ಮ ಮಾತು ಕೇಳಲೇಬೇಕು. ಕರೆದ ದಿನ ತಪ್ಪಿಸಬೇಡಿ, ಆದೇಶದ ಪ್ರತಿ ಕೇಳಿ. ನಿಮ್ಮ ಮಾತು ಕೇಳದೆಯೇ 28(4)ರ ಅಂತಿಮ ಅಧಿಸೂಚನೆ ಬಂದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ತಡ ಮಾಡಿದರೆ ಅಲ್ಲಿ ಮೊದಲು ಕೇಳುವುದೇ 'ಇಷ್ಟು ದಿನ ಎಲ್ಲಿದ್ದಿರಿ' ಎಂದು. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ಸಹಾಯವಾಣಿ 15100.

ತಕರಾರು ಕೊಟ್ಟ ಮಾತ್ರಕ್ಕೆ ಜಮೀನು ಉಳಿಯುತ್ತದೆ ಎಂದು ನಾನು ಹೇಳಲಾರೆ. ಪಕ್ಕದ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯವರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ 1,777 ಎಕರೆ ಸ್ವಾಧೀನ ಕೈಬಿಟ್ಟಿತು. ಹಾಗೆ ಶಾಂತಿಯಿಂದ ಸೇರಿ ಕೂರುವುದಕ್ಕೂ 19ನೇ ವಿಧಿಯ ಬಲವಿದೆ.

ಒಳ್ಳೆ ಬೆಲೆ ಸಿಕ್ಕರೆ ಕೊಡುತ್ತೇವೆ ಎನ್ನುವವರೂ ಇದ್ದಾರೆ, ಅದು ಅವರಿಷ್ಟ. ಅಂಥವರು ತಕರಾರಿನಲ್ಲೇ ಬೆಲೆಯ ಮಾತು ಎತ್ತಲಿ. ಎಕರೆಗೆ ಎಷ್ಟು ಅಂತ ಬರೆಯದ ಒಪ್ಪಿಗೆ ಪತ್ರಕ್ಕೆ ಮಾತ್ರ ಯಾರು ಹೇಳಿದರೂ ಸಹಿ ಹಾಕಬೇಡಿ.